ಒಂಬತ್ತು ಸೆಕೆಂಡು

ಕ್ಯಾಮೆರಾ ನಿಧಾನವಾಗಿ ಹಿಂದೆ ಸರಿಯುತ್ತಿದ್ದಂತೆ ಆ ಹುಡುಗಿಯ ಗಲ್ಲ ಕಂಡಿತು, ಕುತ್ತಿಗೆ ಕಂಡಿತು, ಆಮೇಲೆ ಕುತ್ತಿಗೆಯಲ್ಲಿದ್ದ ಕೆಂಪು ದಾರ ಕಂಡಿತು. ಕ್ಯಾಮೆರಾ ಹಿಡಿದಿದ್ದವನು ತಲೆಯೆತ್ತಿದ. ಕ್ಯಾಮೆರಾದ ನೆತ್ತಿಯ ಮೇಲೆ ಕಡಲೆಕಾಳಿನಷ್ಟು ಚಿಕ್ಕ ದೀಪವೊಂದು ಉರಿಯುತ್ತಿತ್ತು. ಅದು ಉರಿಯುತ್ತಿದೆಯೆಂದರೆ ಅವನ ಕ್ಯಾಮೆರಾ ಕಂಡದ್ದನ್ನೇ ಇಂಟರ್ನೆಟ್ಟಿನಲ್ಲಿ ಲೋಕವೂ ಕಾಣುತ್ತಿದೆ ಎಂದರ್ಥ.

ಫಕ್ಕನೆ ವೇದಿಕೆಯ ಕಡೆ ತಿರುಗಿಸಿದ. ತಿರುಗಿಸುವ ಹೊತ್ತಿಗೆ ಒಂಬತ್ತು ಸೆಕೆಂಡು ಆಗಿಹೋಗಿತ್ತು.

ಹೇಳಿರಲಿಲ್ಲವೆಂದಲ್ಲ. ಬೆಳಿಗ್ಗೆ ಎಂಟಕ್ಕೇ ಮಾನವ ಹಕ್ಕು ಸಮ್ಮೇಳನದ ಸಂಚಾಲಕ ಬಂದು ಒಂದಲ್ಲ ಎರಡು ಸಲ ಹೇಳಿದ್ದ. ಆತನೂ ವಿದ್ಯಾರ್ಥಿಯೇ, ಇನ್ನೂ ಮೀಸೆ ನೆಟ್ಟಗೆ ಬಂದಿಲ್ಲದವನು, ಆದರೆ ನಲವತ್ತು ದೇಶದ ಹುಡುಗ ಹುಡುಗಿಯರನ್ನು ಒಂದೇ ಸಭಾಂಗಣಕ್ಕೆ ತಂದು ಕೂರಿಸಿದ್ದ. "ಎಲ್ಲರ ಬ್ಯಾಡ್ಜಿಗೂ ನೀಲಿ ದಾರ ಇರತ್ತೆ. ಒಂಬತ್ತು ಜನಕ್ಕೆ ಮಾತ್ರ ಕೆಂಪು. ಕೆಂಪು ದಾರದವರ ಮುಖ ಯಾವ ಕಾರಣಕ್ಕೂ ಬರಬಾರದು," ಅಂದಿದ್ದ. ಮೂರನೇ ಸಾಲಿನ ಆ ಹುಡುಗಿಯ ಕುರ್ಚಿಯನ್ನು ತೋರಿಸಿ, "ಇಲ್ಲಿ ಕೂರೋರ ಅಣ್ಣ ಎರಡು ವರ್ಷದಿಂದ ಜೈಲಲ್ಲಿದ್ದಾನೆ, ಕರಪತ್ರ ಹಂಚಿದ ಅಂತ. ಮನೇಲಿ ತಾಯಿ ಒಬ್ಬರೇ. ಇವರು ಪಕ್ಕದೂರಲ್ಲಿ ಪರೀಕ್ಷೆ ಇದೆ ಅಂತ ಹೇಳಿ ಇಲ್ಲಿಗೆ ಬಂದಿದಾರೆ. ಹೋದ ವರ್ಷ ಹೀಗೇ ಒಬ್ಬನ ಫೋಟೋ ಹೊರಗೆ ಹೋಯ್ತು. ಸಂಜೆಯೊಳಗೆ ಅವನಪ್ಪನ್ನ ಅಲ್ಲಿನ ಪೊಲೀಸ್ರು ಮನೆಯಿಂದ ಎತ್ತಾಕ್ಕೊಂಡು ಹೋದ್ರು," ಎಂದೂ ಹೇಳಿದ್ದ. ಹೇಳುವಾಗ ಅವನ ದನಿಯಲ್ಲಿ, ಅಂಥವರು ತನ್ನ ಸಮ್ಮೇಳನಕ್ಕೆ ಬಂದಿದ್ದಾರೆ ಎಂಬ ಹೆಮ್ಮೆ ತುಸು ಹೆಚ್ಚೇ ಇತ್ತು.

ಇವನು ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದ್ದ. ತಲೆಗೆ ಹೋದ ಮಾತು ಕೈಗೆ ಹೋಗಿರಲಿಲ್ಲ, ಅಷ್ಟೆ.

ಆ ಕೈಯನ್ನು ಪಳಗಿಸಿದವನು ಅವನ ಸೋದರಮಾವ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಬೀದಿ ಸುತ್ತುತ್ತಿದ್ದ ಅಕ್ಕನ ಮಗನನ್ನು ಕಿವಿ ಹಿಡಿದು ತಂದು ತನ್ನ ವಿಡಿಯೋ ಅಂಗಡಿಯಲ್ಲಿ ನಿಲ್ಲಿಸಿಕೊಂಡವನು. ಇಬ್ಬರೂ ಹೊಟ್ಟೆ ಹೊರೆದದ್ದು ಮದುವೆಗಳಿಂದ. ಮಾವನ ಶಾಸ್ತ್ರದಲ್ಲಿ ಇದ್ದದ್ದು ಒಂದೇ ಸೂತ್ರ: "ಕಣ್ಣೀರು ಕಂಡ್ರೆ ಬಿಡಬೇಡ ಕಣೋ. ಜನ ಊಟ ಮರೀತಾರೆ, ಒಡವೆ ಮರೀತಾರೆ. ಹುಡುಗಿ ಅಪ್ಪ ಅತ್ತಿದ್ದು ಸಿಗದಿದ್ರೆ ಮಾತ್ರ ಅಂಗಡಿಗೇ ಬಂದು ಜಗಳ ಆಡ್ತಾರೆ." ಒಬ್ಬ ಬೀಗರಂತೂ ತಾವು ಅತ್ತದ್ದು ಕ್ಯಾಮೆರಾಕ್ಕೆ ಸಿಗಲಿಲ್ಲವೆಂದು ಮಾರನೇ ದಿನ ಅದೇ ಅಂಗಿ ಹಾಕಿಕೊಂಡು ಅಳಲು ತಯಾರಾಗಿ ಬಂದಿದ್ದರು. ಹಾಗಾಗಿ ಎಲ್ಲಾದರೂ ಒಂದು ಮುಖ ನಡುಗತೊಡಗಿದರೆ ಅವನ ಕೈ ಅದರತ್ತ ತಾನಾಗಿಯೇ ಹೋಗುತ್ತಿತ್ತು. ಮೊದಲು ಹತ್ತಿರ, ಕಣ್ಣು ತುಂಬುವ ತನಕ. ತುಳುಕಿದ ಮೇಲೆ ನಿಧಾನವಾಗಿ ಹಿಂದೆ. ಕೂಸು ಹಾಲಿಗೆ ಬಾಯಿ ಹಾಕಿದಂತೆ, ಯೋಚನೆಯೇ ಬೇಕಿರಲಿಲ್ಲ.

ಇವತ್ತೂ ಅದೇ ಆಯಿತು. ವೇದಿಕೆಯ ಮೇಲೆ ಯಾರೋ ಒಬ್ಬ ಹುಡುಗ ಯಾವುದೋ ಭಾಷೆಯಲ್ಲಿ ಮಾತಾಡುತ್ತಿದ್ದ. ಅನುವಾದ ಕೇಳಲು ಎಲ್ಲರಿಗೂ ಇಯರ್‌ಫೋನು ಕೊಟ್ಟಿದ್ದರು, ಕ್ಯಾಮೆರಾದವರಿಗೆ ಕೊಟ್ಟಿರಲಿಲ್ಲ. ಕೂರಲು ಕುರ್ಚಿಯನ್ನೂ ಕೊಟ್ಟಿರಲಿಲ್ಲ, ಆ ಮಾತು ಬೇರೆ. ಆ ಹುಡುಗ ಜೈಲಿನ ವಿಷಯ ಹೇಳುತ್ತಿದ್ದನೋ ಜೋಗುಳ ಹಾಡುತ್ತಿದ್ದನೋ ಇವನಿಗೆ ಗೊತ್ತಿಲ್ಲ. ಮೂರನೇ ಸಾಲಿನಲ್ಲಿ ಒಂದು ಮುಖ ನಡುಗಿತು. ಕೈ ಹೋಯಿತು. ಸಭಾಂಗಣದ ಹಿಂಭಾಗದಲ್ಲಿ ಮೇಜು ಹಾಕಿಕೊಂಡು ಯಾವ ಕ್ಯಾಮೆರಾದ ಚಿತ್ರ ಹೊರಹೋಗಬೇಕೆಂದು ಆರಿಸುತ್ತಿದ್ದ ಮಾವನೂ ಹಳೇ ಹುಲಿ. ಕಣ್ಣೀರು ಕಂಡದ್ದೇ ತಡ, ಗುಂಡಿ ಒತ್ತಿಬಿಟ್ಟ.

ಮಾವನ ಮೇಜಿಗೆ ಜೋಡಿಸಿದ್ದ ಹೆಡ್‌ಫೋನಿನಲ್ಲಿ ಅವನ ದನಿ ಕರಕರ ಎಂದಿತು. "ಲೇ, ಚೆನ್ನಾಗಿ ಹೋಗ್ತಿತ್ತಲ್ಲೋ. ಗಾಡಿಗೆ ನಾಯಿ ಅಡ್ಡ ಬಂದಂಗೆ ಯಾಕೆ ಎಳೆದೆ?"

"ಮಾವ, ಕೆಂಪು ದಾರ."

"ಯಾರೂ ನೋಡಿಲ್ಲ ಬಿಡು," ಅಂದ ಮಾವ.

"ಎಷ್ಟು ಜನ ಇದ್ರು ಲೈವಲ್ಲಿ?"

"ಇನ್ನೂರ ಹದಿನಾಲ್ಕು."

"ಇನ್ನೂರ ಹದಿನಾಲ್ಕು ಜನ ಅಂದ್ರೆ ಯಾರೂ ಅಲ್ವಾ ಮಾವ?"

"ಅರ್ಧಕ್ಕರ್ಧ ಜನ ಹಚ್ಚಿಟ್ಟು ಮಲಗಿರ್ತಾರೆ ಕಣೋ. ಮಾನವ ಹಕ್ಕು ನೋಡ್ತಾ ಯಾರು ಕೂತಿರ್ತಾರೆ? ಸುಮ್ನೆ ಕೆಲಸ ನೋಡು."

ಕೆಲಸ ನೋಡಿದ. ಗಂಟೆ ಹನ್ನೊಂದು ಇಪ್ಪತ್ತು. ಊಟದ ಬಿಡುವು ಒಂದೂವರೆಗೆ. ಅಲ್ಲಿಯವರೆಗೆ ಕ್ಯಾಮೆರಾ ಬಿಟ್ಟು ಕದಲುವಂತಿಲ್ಲ. ಭಾಷಣದ ಮೇಲೆ ಭಾಷಣ ಬಂತು, ಚಪ್ಪಾಳೆಯ ಮೇಲೆ ಚಪ್ಪಾಳೆ. ಕ್ಯಾಮೆರಾ ವೇದಿಕೆ ನೋಡುತ್ತಿತ್ತು, ಅವನ ಕಣ್ಣು ಮಾತ್ರ ಮೂರನೇ ಸಾಲಿಗೇ ಜಾರುತ್ತಿತ್ತು. ಹುಡುಗಿ ಈಗ ಅಳುತ್ತಿರಲಿಲ್ಲ. ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಪಕ್ಕದವಳ ಪೆನ್ನು ಕೆಳಗೆ ಬಿದ್ದಾಗ ಬಗ್ಗಿ ಎತ್ತಿಕೊಟ್ಟು ನಕ್ಕಳು. ಅವಳ ದೇಶದಲ್ಲಿ ಎಲ್ಲೋ ಒಂದು ಕೋಣೆಯಲ್ಲಿ ಪೊಲೀಸಿನವನೊಬ್ಬ ಚಹಾ ಕುಡಿಯುತ್ತ ವಿಡಿಯೋ ನಿಲ್ಲಿಸಿರಬಹುದು. ಸ್ವಲ್ಪ ಹಿಂದಕ್ಕೆ ಹೋಗಿ ಮತ್ತೆ ನೋಡಿರಬಹುದು. ಮಾವನ ಶಿಷ್ಯ ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದನೆಂದರೆ ಹುಬ್ಬಿನ ಪಕ್ಕದ ಮಚ್ಚೆಯೂ ಬಿಡದೆ ಬಂದಿತ್ತು.

ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ಸಂಜೆಯೊಳಗೆ ಎತ್ತಾಕ್ಕೊಂಡು ಹೋದ್ರು. ಅವಳ ಊರಲ್ಲಿ ಈಗ ಸಂಜೆಯೋ ಬೆಳಗೋ, ಅದನ್ನು ಹೇಳಿಕೊಡುವ ಪಾಠ ಬರುವ ಮುಂಚೆಯೇ ಇವನು ಶಾಲೆ ಬಿಟ್ಟಿದ್ದ.

ಬಿಡುವು ಆದದ್ದೇ ಹೆಡ್‌ಫೋನು ಕಿತ್ತುಹಾಕಿ ಮಾವನ ಮೇಜಿಗೆ ಓಡಿದ. ಮಾವ ಕಂಪ್ಯೂಟರಿನ ಮುಂದೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದ. ಅವನೂ ಎರಡು ಗಂಟೆ ಆರಾಮವಾಗಿ ಕಳೆದಿರಲಿಲ್ಲ ಎಂಬುದು ಮುಖದಲ್ಲೇ ಬರೆದಿತ್ತು.

"ಪ್ರೋಗ್ರಾಂ ಮುಗಿದ ಮೇಲೆ ಅಷ್ಟು ತುಂಡು ಕತ್ತರಿಸಿ ಹಾಕಿಸ್ತೀನಿ. ಪಾಸ್‌ವರ್ಡು ಸಂಚಾಲಕರ ಹತ್ರ ಇದೆ. ಏನಾದ್ರೂ ನೆಪ ಹೇಳಿ ತಗೋತೀನಿ," ಅಂದ.

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ನೋಡೋರು ನೋಡಾಯ್ತು ಮಾವ. ಅವಳಿಗೆ ಹೇಳಬೇಕು."

"ಏನಂತ? ನಿಮ್ಮಮ್ಮನ್ನ ಸಿಕ್ಕಿಸಿಬಿಟ್ವಿ, ಕ್ಷಮಿಸಮ್ಮ ಅಂತಾನಾ?"

"ಹೂಂ, ಹಂಗೇ. ಫೋನ್ ಮಾಡ್ತಾಳೆ, ಆಯಮ್ಮ ಎಲ್ಲಾದ್ರೂ ಹೋಗಿ ಅಡಗಿಕೊಳ್ತಾರೆ."

ಮಾವ ಆಚೀಚೆ ನೋಡಿ ದನಿ ತಗ್ಗಿಸಿದ. "ಮಗನೇ, ಈ ಯೂನಿವರ್ಸಿಟಿ ಬಾಗಿಲು ತೆಗೆಸೋಕೆ ನಾನು ಆರು ವರ್ಷ ಸವೆಸಿದೀನಿ. ಈಗ ಇದು ಹೊರಗೆ ಬಂದ್ರೆ ಇಲ್ಲಲ್ಲ, ಊರಲ್ಲೇ ಯಾರೂ ನಮ್ಮನ್ನ ಕರೆಯಲ್ಲ. ಪೊಲೀಸು ಗಿಲೀಸು ಅಂತ ಆದ್ರೆ? ನಿಮ್ಮತ್ತೆಗೆ ಏನು ಹೇಳ್ಲಿ? ಏನೂ ಆಗದೇನೂ ಇರಬಹುದಲ್ಲೋ. ಆಗದೇ ಇರೋದಕ್ಕೆ ನಾವೇ ಹೋಗಿ ಬೆಂಕಿ ಹಚ್ಚೋದಾ?"

ಮಾವ ಕೆಟ್ಟವನಲ್ಲ. ಹೆದರಿದ್ದಾನೆ. ಹೆದರಿದವರೇ ಎಲ್ಲ ಕಡೆ ಬಾಯಿ ಮುಚ್ಚಿಕೊಂಡಿರುವುದರಿಂದ ಆ ಹುಡುಗಿಯ ಅಣ್ಣ ಒಳಗಿದ್ದಾನೆ. ಹಾಗೆಂದು ಬಾಯಿಬಿಟ್ಟು ಹೇಳಲು ಇವನಿಗೆ ಬರಲಿಲ್ಲ. ಬಂದದ್ದು ಸಿಟ್ಟು. ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಕುಕ್ಕಿ ಸಂಚಾಲಕನನ್ನು ಹುಡುಕಿಕೊಂಡು ಹೋದ.

ಸಂಚಾಲಕ ಮೆಟ್ಟಿಲ ಹತ್ತಿರ ಎರಡು ಫೋನು ಹಿಡಿದು ನಿಂತಿದ್ದ. ವಿಷಯ ಕೇಳುತ್ತಿದ್ದಂತೆ ಅವನ ಮುಖ ಸುಣ್ಣದಂತಾಯಿತು. ಆದರೆ ಒಂದೇ ಗಳಿಗೆ. ಆಮೇಲೆ ಬಣ್ಣ ವಾಪಸು ಬಂತು, ಜೊತೆಗೆ ಭಾಷಣದ ದನಿಯೂ ಬಂತು.

"ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ರೆಕಾರ್ಡಿಂಗನ್ನ ಈಗಲೇ ತೆಗೆಸ್ತೀನಿ. ಆದರೆ ಅವರಿಗೆ ಈಗ ಹೇಳೋದು ಬೇಡ."

"ಯಾಕೆ ಸರ್?"

"ಎರಡೂವರೆಗೆ ಲೈವ್ ನಿಲ್ಲಿಸಿ ಅವರೇ ನಿರ್ಣಯ ಓದಬೇಕು. ಕೆಂಪು ದಾರದ ಎಲ್ಲರ ಪರವಾಗಿ. ಈಗ ಗಾಬರಿಯಾದ್ರೆ ಎಲ್ಲಾ ಗಾಬರಿಯಾಗ್ತಾರೆ. ಇಂಥದ್ದಕ್ಕೆ ಒಂದು ಕ್ರಮ ಇದೆ, ಸುರಕ್ಷತಾ ಸಮಿತಿ ಇದೆ. ಐದು ಗಂಟೆಗೆ ಸಮಿತಿ ಸೇರತ್ತೆ, ಅದರ ಮೂಲಕವೇ ತಿಳಿಸ್ತೀವಿ."

"ಐದು ಗಂಟೆಗೆ ಅಲ್ಲಿ ಬಾಗಿಲು ಬಡಿದ್ರೆ?"

"ನೋಡಿ, ಭಾವುಕರಾಗಬೇಡಿ."

"ಸಮಿತಿಗೆ ಅಮ್ಮ ಇಲ್ಲ ಸರ್. ಅವಳಿಗಿದಾಳೆ."

ಸಂಚಾಲಕನ ಕೈಯಲ್ಲಿದ್ದ ಎರಡು ಫೋನುಗಳಲ್ಲಿ ಒಂದು ಹೊಡೆದುಕೊಳ್ಳತೊಡಗಿತು. "ಐದು ನಿಮಿಷ, ಇಲ್ಲೇ ಇರಿ," ಎಂದು ಬೆನ್ನು ತಿರುಗಿಸಿದ. ಬಾಗಿಲ ಮೇಲಿನ ಬಟ್ಟೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದದ್ದನ್ನು ಇವನು ಬೆಳಿಗ್ಗೆಯಿಂದ ಹತ್ತು ಸಲವಾದರೂ ಓದಿದ್ದ: ಪ್ರತಿಯೊಬ್ಬರಿಗೂ ತಿಳಿಯುವ ಹಕ್ಕಿದೆ. ಅಲ್ಲಿ ನಿಂತು ಐದು ನಿಮಿಷ ಕಾಯಲು ಅವನಿಗೆ ಆಗಲಿಲ್ಲ.

ಸಭಾಂಗಣಕ್ಕೆ ವಾಪಸು ಹೋಗಿ ಕ್ಯಾಮೆರಾವನ್ನು ಮುಕ್ಕಾಲಿಯಿಂದ ಬಿಚ್ಚಿದ.

"ಎಲ್ಲಿಗೋ ಅದನ್ನ ಹೊತ್ಕೊಂಡು?" ಮಾವ ದೂರದಿಂದಲೇ ಕೇಳಿದ.

ಇವನು ತಿರುಗಿ ನೋಡಲಿಲ್ಲ. ಮಾವ ಎದ್ದು ನಾಲ್ಕು ಹೆಜ್ಜೆ ಬಂದ. ಹಿಡಿಯಬೇಕೆಂದಿದ್ದರೆ ಹಿಡಿಯಬಹುದಿತ್ತು. ಕಾಲಿಗೆ ಸಿಕ್ಕಿಕೊಂಡ ವೈರನ್ನು ಬಿಡಿಸಿಕೊಳ್ಳುತ್ತ ಅಲ್ಲೇ ನಿಂತ. "ಹಾಳಾಗಿ ಹೋಗು," ಅಂದ. ಮರುಗಳಿಗೆ, ಬೇರೆಯದೇ ದನಿಯಲ್ಲಿ, "ಲೇ, ಲೆನ್ಸು ಮುಚ್ಚಿಕೊಂಡು ಹೋಗೋ, ಹುಡುಗಿ ಹೆದರ್‍ತಾಳೆ," ಅಂದ.

ಹುಡುಗಿ ಹಿಂದಿನ ಮೆಟ್ಟಿಲುಗಳ ಮೇಲೆ ಒಬ್ಬಳೇ ಕೂತು ನಿರ್ಣಯದ ಹಾಳೆಗಳನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು. ಕ್ಯಾಮೆರಾ ಹಿಡಿದವನೊಬ್ಬ ತನ್ನತ್ತ ಬರುವುದು ಕಂಡದ್ದೇ ಹಾಳೆಗಳನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ಇನ್ನೊಂದು ಕೈಯಲ್ಲಿ ಕೆಂಪು ದಾರವನ್ನು ಮುಂದೆ ಎಳೆದು ತೋರಿಸಿದಳು. ಕಾಣುವುದಿಲ್ಲವೇ ನಿನಗೆ ಎಂಬಂತೆ. ಇವನು ಮುಚ್ಚಳ ಹಾಕಿದ ಲೆನ್ಸನ್ನು ತನ್ನ ಹೊಟ್ಟೆಯ ಕಡೆಗೇ ತಿರುಗಿಸಿಕೊಂಡು, ಕ್ಯಾಮೆರಾದ ಪಕ್ಕದ ಪುಟ್ಟ ಪರದೆಯನ್ನು ಬಿಡಿಸಿ, ಮೊಣಕಾಲೂರಿ ಕೂತ.

ಬೇಕಾದ ಜಾಗ ಸಿಗಲಿಲ್ಲ. ರೆಕಾರ್ಡಿಂಗು ಎರಡು ಸಲ ಮುಂದೆ ಹೋಯಿತು. ಯಾರೋ ಚಪ್ಪಾಳೆ ತಟ್ಟುತ್ತಿದ್ದರು, ಯಾರೋ ನೀರು ಕುಡಿಯುತ್ತಿದ್ದರು. ಕೊನೆಗೆ ಅವಳ ಮುಖ ಬಂತು. ನಡುಗುವ ತುಟಿ, ತುಂಬುವ ಕಣ್ಣು, ಮಚ್ಚೆ. ಆಮೇಲೆ ಗಲ್ಲ, ಕುತ್ತಿಗೆ, ದಾರ. ಒಂಬತ್ತು ಸೆಕೆಂಡು ಇಷ್ಟು ಉದ್ದವೆಂದು ಅವನಿಗೆ ಗೊತ್ತಿರಲಿಲ್ಲ.

"ಲೈವ್," ಅಂದ. ಅವಳಿಗೂ ಅವನಿಗೂ ನಡುವೆ ಇದ್ದದ್ದು ಆ ಒಂದೇ ಮಾತು. ಎದೆ ಮುಟ್ಟಿಕೊಂಡು ತಾನೇ ಮಾಡಿದ್ದೆಂದು ತೋರಿಸಿದ.

ಅವಳು ಇನ್ನೊಮ್ಮೆ ಹಾಕೆಂದು ಸನ್ನೆ ಮಾಡಿದಳು. ಹಾಕಿದ. ಎರಡನೇ ಸಲ ನೋಡುವಾಗ ಅವಳ ಮುಖ ಕಲ್ಲಿನಂತಿತ್ತು. ಏನೋ ಕೇಳಿದಳು. ಅರ್ಥವಾಗದೆ ಅವನು ಕಣ್ಣು ಕಣ್ಣು ಬಿಟ್ಟಾಗ ಅವನ ಮಣಿಕಟ್ಟು ಹಿಡಿದು ಗಡಿಯಾರವನ್ನು ತಟ್ಟಿದಳು. ಹನ್ನೊಂದು ಇಪ್ಪತ್ತು ಎಲ್ಲಿದೆಯೆಂದು ತೋರಿಸಿದ. ಗಡಿಯಾರದಲ್ಲಿ ಈಗ ಎರಡಕ್ಕೆ ಹತ್ತು ನಿಮಿಷವಿತ್ತು. ಅವಳು ಎರಡನ್ನೂ ನೋಡಿದಳು, ಅವನನ್ನೂ ನೋಡಿದಳು. ಕಪಾಳಕ್ಕೆ ಹೊಡೆಯುತ್ತಾಳೆಂದು ಕಾದ. ಹೊಡೆದಿದ್ದರೆ ಚೆನ್ನಾಗಿತ್ತು.

ಅವಳು ಫೋನು ತೆಗೆದಳು. ಒಂದು ಸಲ ಪೂರ್ತಿ ರಿಂಗಾಯಿತು, ಯಾರೂ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಫೋನನ್ನು ಕಿವಿಗೊತ್ತಿಕೊಂಡೇ ಅವಳು ಎದ್ದು ನಿಂತಳು, ಒಂದು ಮೆಟ್ಟಿಲು ಇಳಿದಳು, ಮತ್ತೆ ಹತ್ತಿದಳು. ನಿರ್ಣಯದ ಹಾಳೆಗಳು ಜಾರಿ ಮೆಟ್ಟಿಲ ಮೇಲೆಲ್ಲ ಹರಡಿದವು. ಇವನು ಆರಿಸಲು ಬಗ್ಗಿದವನು ಹಾಗೇ ಬಗ್ಗಿಕೊಂಡೇ ಇದ್ದುಬಿಟ್ಟ. ಮೂರನೇ ಸಲ ರಿಂಗಾಗುತ್ತಿತ್ತು. ದೂರದ ಆ ಸದ್ದು ಅವನಿಗೂ ಕೇಳಿಸುತ್ತಿತ್ತು. ತನಗೆ ಗೊತ್ತಿದ್ದ ದೇವರುಗಳನ್ನೆಲ್ಲ ನೆನೆದ, ಗೊತ್ತಿಲ್ಲದವರನ್ನೂ ನೆನೆದ.

ಸದ್ದು ನಿಂತಿತು. ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿ, ನಿದ್ದೆಯಿಂದ ಎದ್ದಂತೆ, ಏನೋ ಕೇಳಿತು.

ಹುಡುಗಿ ಕಣ್ಣು ಮುಚ್ಚಿ ಗೋಡೆಗೊರಗಿದಳು. ಆಮೇಲೆ ಮಾತಾಡಿದಳು. ಸಣ್ಣ ಸಣ್ಣ ಮಾತು, ಒಂದರ ಹಿಂದೊಂದು, ದನಿ ಏರಿಸದೆ. ಆ ಕಡೆಯ ದನಿ ಮೊದಲು ನಕ್ಕಿತು, ಆಮೇಲೆ ವಾದಿಸಿತು. ಬೀರುವೋ ಪೆಟ್ಟಿಗೆಯೋ ತೆರೆದ ಕಿರುಗುಟ್ಟುವ ಸದ್ದು ಫೋನಿನಲ್ಲಿ ಕೇಳಿಸಿತು. ಒಳಗೆ ಎರಡೂವರೆಯ ಸಭೆಗೆ ಎಲ್ಲರನ್ನೂ ಕರೆಯುವ ಮೊದಲ ಗಂಟೆ ಹೊಡೆಯಿತು. ಸಂಚಾಲಕ ಬಾಗಿಲಲ್ಲಿ ಕಾಣಿಸಿಕೊಂಡು, ಅವಳನ್ನೂ ಇವನನ್ನೂ ನೋಡಿ, ಅಲ್ಲೇ ನಿಂತುಬಿಟ್ಟ.

ಹುಡುಗಿ ಯಾರನ್ನೂ ನೋಡಲಿಲ್ಲ. ತೆಗೆದುಕೊಂಡು ಹೋಗಬೇಕಾದ್ದನ್ನು ಒಂದೊಂದೇ ಹೇಳುತ್ತ ಬೆರಳು ಮಡಚುತ್ತಿದ್ದಳು. ಕಿರುಬೆರಳು ಮಡಚಿದಳು. ಉಂಗುರದ ಬೆರಳು. ನಡುಬೆರಳು. ತೋರುಬೆರಳಿಗೆ ಬಂದಾಗ ಆ ಕಡೆಯ ದನಿ ಏನೋ ಕೇಳಿತು; ಭಾಷೆ ಬರದಿದ್ದರೂ, ನೀನು ಯಾವಾಗ ಬರುತ್ತೀ ಎಂದಿರಬೇಕೆಂದು ಇವನಿಗೆ ತಿಳಿಯಿತು. ಹುಡುಗಿ ಅರ್ಧ ಮಡಚಿದ ಬೆರಳನ್ನೇ ನೋಡುತ್ತ ನಿಂತಳು, ಮಡಚಲೂ ಇಲ್ಲ, ಬಿಡಿಸಲೂ ಇಲ್ಲ.