ಒರಳಿನ ಬುಡದ ಮಣ್ಣು

ಸಂದೇಶ ಚಪ್ಪಲಿ ಬಿಟ್ಟು ಅಂಗಳಕ್ಕೆ ಕಾಲಿಟ್ಟಾಗ ಕಲ್ಲವ್ವನಿಗೆ ಒಳಗೊಳಗೇ ಹಿಗ್ಗಾಯಿತು. ಮಣ್ಣಿನ ಮಾದರಿ ಒಯ್ಯಲು ಶಿರಸಿಯಿಂದ ಬಂದವನು. ಸರ್ಕಾರದ ಕೆಲಸದವನಾದರೂ ನೆಲದ ಮರ್ಯಾದೆ ತಿಳಿದಿದೆ.

"ಚಪ್ಪಲ್ ಇರ್ಲಿ ಬಿಡ್ರಿ ಸಾಹೇಬ್ರ."

"ಇಷ್ಟು ಚಂದದ ಅಂಗಳ ಅಮ್ಮಾ, ತುಳೀಲಿಕ್ಕೆ ಮನಸ್ಸು ಬರೂದಿಲ್ಲ. ಯಾವಾಗ ಮಾಡಿದ್ದು?"

"ಮೊನ್ನೆ. ಗುಡ್ಡದ ಕೆಮ್ಮಣ್ಣು ತರಿಸಿ, ಬಡಿದು, ಸಾರಿಸೇನಿ. ನೀವು ಬರ್ತೀರಿ ಅಂತ ಗೊತ್ತಾತು. ಹೊಲಸು ಅಂಗಳದಾಗ ಹ್ಯಾಂಗ ಕೂಡ್ರಸೂದು?"

ಕುಕ್ಕರಗಾಲಲ್ಲಿ ಕುಳಿತಿದ್ದ ಸಂದೇಶನ ಕೈಯ ಸ್ಟೀಲ್ ಚಮಚ ನೆಲ ಮುಟ್ಟದೆ ನಿಂತಿತು.

ಮಳೆ ಹಿಂದಾದ ಮೇಲೆ ಪಾಚಿ ಹೆರೆದು, ಹೊಸ ಮಣ್ಣು ಹಾಕಿ ಅಂಗಳ ಮಾಡುವುದು ಊರಿನ ರೂಢಿ. ಮೊಮ್ಮಗಳು ಅನುಶ್ರೀ ಹಾಸಿಗೆ ಹಿಡಿದ ಮೇಲೆ ಎರಡು ವರ್ಷ ಈ ಮನೆಯಲ್ಲಿ ಯಾರಿಗೂ ಅದಕ್ಕೆ ಮನಸ್ಸಿರಲಿಲ್ಲ. ಹೊಲದಾಚೆಯ ಶೆಡ್ಡಿನಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಜನ ಗಲಾಟೆ ಮಾಡಿದ ಮೇಲೆ ಬಾಗಿಲು ಹಾಕಿದರು, ಆದರೆ ಅಷ್ಟರೊಳಗೆ ಹೊಗೆ ಎಲ್ಲೆಲ್ಲಿ ಕೂರಬೇಕೋ ಕೂತಾಗಿತ್ತು. ಏಳು ವರ್ಷದ ಹುಡುಗಿ ಹೊಟ್ಟೆ ಹಿಡಿದುಕೊಂಡು ಮುದುಡುತ್ತಾಳೆ. ನಿನ್ನೆ ಕಲಿತ ಅಕ್ಷರ ಇವತ್ತು ಅವಳಿಗೆ ಅಪರಿಚಿತ. ರಕ್ತದಲ್ಲಿ ಸೀಸವಿದೆ ಎಂದು ಡಾಕ್ಟರು ಹೇಳಿಯಾಗಿದೆ. ಆದರೆ ಬಾಧಿತಳೆಂದು ಸರ್ಕಾರ ಒಪ್ಪಬೇಕಾದರೆ ಮನೆಯ ಮಣ್ಣಿನಲ್ಲೂ ಅದು ಸಿಗಬೇಕು. ಒಪ್ಪಿದರೆ ಆಸ್ಪತ್ರೆಯ ಖರ್ಚು ಕೊನೆಯತನಕ ಅವರದೇ.

"ನಾನು ತೆಗೀಬೇಕಾದ್ದು ಮೇಲಿನ ಮಣ್ಣು ಅಮ್ಮಾ," ಎಂದ ಸಂದೇಶ. "ಇದು ಗುಡ್ಡದ್ದು. ಇದರಲ್ಲಿ ಎಂತದೂ ಸಿಗೂದಿಲ್ಲ. ನಿಮ್ಮನೆ ಮಣ್ಣು ಚೊಕ್ಕ ಅಂತ ಬರ್ತದೆ."

ಕಲ್ಲವ್ವ ತನ್ನ ಅಂಗೈ ನೋಡಿಕೊಂಡಳು. ಬಡಿದು ಬಡಿದು ಎದ್ದ ಬೊಬ್ಬೆ ಇನ್ನೂ ಆರಿರಲಿಲ್ಲ.

"ಚಲೋನ ಆತಲ್ಲ!" ಕೊಟ್ಟಿಗೆಯಿಂದ ಹಾಲಿನ ಕ್ಯಾನು ಹಿಡಿದು ಬಂದ ಮಗ ಚನ್ನಯ್ಯ ನಕ್ಕ. "ಅದನ್ನ ತುಂಬ್ಕೊಂಡ್ ಹೋಗ್ರಿ ಸರ."

"ಚಲೋ ಏನು ಬಂತೋ ನಿನ್ನ ತಲಿ?"

ಅವನು ತಾಯಿಯ ಹತ್ತಿರ ಬಂದು ದನಿ ತಗ್ಗಿಸಿದ. "ಯವ್ವಾ, ಸುಮ್ನಿರು. ವಿಷದ ಮನಿ ಅಂತ ಹೆಸರು ಬಿದ್ರ ಡೇರಿಯಾಗ ನಮ್ಮ ಹಾಲು ಮುಟ್ಟೂದಿಲ್ಲ. ಶಂಭುಲಿಂಗನ ಮನಿ ಮಣ್ಣಾಗ ಸೀಸ ಸಿಕ್ಕ ಮ್ಯಾಲ ಏನಾತು ನೋಡಿಲ್ಲೇನು? ಅವನ ತಂಗೀನ್ನ ನೋಡಾಕ ಬಂದ ಬೀಗರು ನೀರು ಸುದ್ದಾ ಕುಡೀದ ಎದ್ದು ಹೋದ್ರು."

"ಹುಡುಗಿ ಗತಿ?"

"ಔಷಧ ನಾ ಕೊಡಸ್ತೇನಿ."

"ಹೋದ ವರ್ಷಾನೂ ಹಿಂಗ ಅಂದಿದ್ದಿ."

ಚನ್ನಯ್ಯ ಕ್ಯಾನಿನ ಮುಚ್ಚಳ ತಿರುಗಿಸಿದ. ಅದು ಮೊದಲೇ ಬಿಗಿಯಾಗಿತ್ತು.

"ಹೊಸ ಮಣ್ಣು ಸರಿಸಿ ಹಳೇ ನೆಲ ತೋರಿಸಿದ್ರೆ ಅದನ್ನೇ ತಗೋತೇನೆ, ಹಾಗಂತ ಬರಕೊಳ್ಳೂದಕ್ಕೂ ಬರ್ತದೆ," ಎಂದ ಸಂದೇಶ. "ಆದ್ರೆ ನಾನು ಅಗೆಯೂ ಹಾಗಿಲ್ಲ. ಮನೆಯವ್ರೇ ಅಗೀಬೇಕು."

ಕಲ್ಲವ್ವ ಅಂಗಳದ ಈ ಮೂಲೆಯಿಂದ ಆ ಮೂಲೆಗೆ ನಡೆದಳು, ತಿರುಗಿ ಬಂದಳು. ಗೇಣು ಜಾಗವನ್ನೂ ಬಿಡದೆ ಮೆತ್ತಿದ್ದಳು. ಕಾಲಡಿಯ ನೆಲ ತಣ್ಣಗೆ, ನುಣ್ಣಗೆ ಇತ್ತು.

ಒಳಗಿಂದ ಗೋಡೆ ಹಿಡಿದುಕೊಂಡು ಬಂದ ಅನುಶ್ರೀ ತನ್ನ ಎಂದಿನ ಜಾಗದಲ್ಲಿ, ನೆಲಕ್ಕೆ ಹೂತ ಒರಳಿನ ಪಕ್ಕ, ಕುಳಿತಳು. ಮೊದಲು ಅವಳನ್ನು ಅಲ್ಲಿ ಕೂರಿಸಿದವಳು ಕಲ್ಲವ್ವನೇ. ತಾನು ಖಾರ ಕುಟ್ಟುವಾಗ ಹುಡುಗಿ ಕಣ್ಣೆದುರಿಗಿರಲಿ ಎಂದು. ಹುಡುಗಿ ಕರಟದಲ್ಲಿ ಮಣ್ಣು ತುಂಬಿ, "ಅಜ್ಜೀ, ಅನ್ನ ಉಣ್ಣು," ಎನ್ನುತ್ತಿದ್ದಳು. ಕಲ್ಲವ್ವ ಉಂಡಂತೆ ಮಾಡುತ್ತಿದ್ದಳು. ಹುಡುಗಿ ನಿಜವಾಗಿಯೂ ಉಣ್ಣುತ್ತಿದ್ದಳು.

ಸೊಸೆ ಜ್ಯೋತಿ ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಹೋಗಿ ಹಾರೆ ತಂದು, ಅತ್ತೆಯ ಕಾಲ ಬಳಿ ಇಟ್ಟು, ಮಗಳನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕುಳಿತಳು.

"ಬ್ಯಾಡಬೇ ಯವ್ವಾ," ಎಂದ ಚನ್ನಯ್ಯ.

ಕಲ್ಲವ್ವ ಒರಳಿನ ಬುಡಕ್ಕೆ ಹಾರೆ ಹಾಕಿದಳು. ಮೊದಲ ಏಟಿಗೆ ಸಗಣಿಯ ಪದರ ಹಪ್ಪಳದಂತೆ ಸೀಳಿತು. ಇನ್ನೊಂದಕ್ಕೆ ಕೆಂಪು ಹೆಂಟೆ ಮೇಲೆದ್ದಿತು. ಅದರ ಕೆಳಗೆ ಒಲೆಯ ಬೂದಿಯ ಬಣ್ಣದ ನೆಲ. ಅದರೊಳಗೆ ಕಚ್ಚಿಕೊಂಡಿದ್ದ ಅರ್ಧ ಕರಟ, ಬಾಯಿಮಟ್ಟ ತುಂಬಿಕೊಂಡು, ಹಾರೆಯ ತುದಿಗೆ ಸಿಕ್ಕಿ ಕಿತ್ತು ಬಂತು.

ಸಂದೇಶ ಒರಳಿನ ಸುತ್ತಲಿಂದ ಚಮಚ ಚಮಚವಾಗಿ ಬೂದು ಮಣ್ಣು ತೆಗೆದು ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ರಸ್ತೆಯಲ್ಲಿ ಡೇರಿಯ ಗಾಡಿ ಹಾರ್ನ್ ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ಚನ್ನಯ್ಯ ಕ್ಯಾನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು ಅಲ್ಲೇ ನಿಂತ.

"ಅಜ್ಜೀ, ಅದು ನಂದು." ತಾಯಿಯ ಮಡಿಲಿಂದ ಅನುಶ್ರೀ ಕರಟಕ್ಕೆ ಕೈಚಾಚಿದಳು.

ಕಲ್ಲವ್ವ ಅದನ್ನು ಮಣ್ಣಿನ ಸಮೇತ ಸೆರಗಿನೊಳಗೆ ಸುತ್ತಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.