ಸ್ಕ್ರೂ ಅಕ್ಕನ ಲ್ಯಾಪ್‌ಟಾಪ್

"ಬಟನ್ ಬಿಡಬೇಡ, ಮೂವತ್ತರವರೆಗೂ ಎಣಿಸು!" ಎಂದು ಎದುರಂಗಡಿಯವನು ಕೂಗಿದ.

ಸ್ಕ್ರೂ ಅಕ್ಕನ ಹಿರಿಯ ಶಿಷ್ಯ ನಲವತ್ತರವರೆಗೆ ಎಣಿಸಿದ. ಹಳೆಯ ಲ್ಯಾಪ್‌ಟಾಪಿನ ದೀಪವೇನೋ ಹತ್ತಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಪಕ್ಕದ ಕೋಣೆಯಲ್ಲಿ ಹೂವಿನ ನಡುವೆ ಮಲಗಿದ್ದ ಸ್ಕ್ರೂ ಅಕ್ಕನಿಗೆ ಇದು ಕೇಳಿಸಿದ್ದರೆ ಇಬ್ಬರಿಗೂ ಸರಿಯಾಗಿ ಮಂಗಳಾರತಿ ಆಗುತ್ತಿತ್ತು. ಮೂವತ್ತೆರಡು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವಳು ಅವಳು. ಅಂತ್ಯಕ್ರಿಯೆಗೆ ಬಂದವರಲ್ಲಿ ಅರ್ಧ ಜನ ಅವಳ ಕೈಕೆಳಗೆ ಕೆಲಸ ಕಲಿತವರು, ಇನ್ನರ್ಧ ಅವಳ ಬಾಯಿಗೆ ಹೆದರಿ ಕಲಿಯದೇ ಓಡಿದವರು.

ಅಕ್ಕನ ಮಗಳು ಗಡಿಯಾರ ನೋಡಿದಳು. ಹನ್ನೊಂದಕ್ಕೆ ಶವವಾಹನ ಬರುತ್ತದೆ. ಒಂದು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆದಮೇಲೆ ಅಮ್ಮನ ದನಿಯೇ ಹೋಗಿತ್ತು. ಅದಕ್ಕೆ ಮೊದಲು ಏನನ್ನೋ ಈ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಟ್ಟು, "ನಾನು ಹೋದ ದಿನ ಎಲ್ಲರೆದುರಿಗೆ ಹಾಕು, ಅಲ್ಲೀವರೆಗೂ ಮುಟ್ಟಬೇಡ" ಎಂದಿದ್ದಳು. ಅಮ್ಮನ ದನಿ ಈಗ ಈ ಭೂಮಿಯ ಮೇಲೆ ಇರುವುದು ಇದೊಂದರೊಳಗೇ. ಶವಪೆಟ್ಟಿಗೆ ಮುಚ್ಚುವ ಮೊದಲು ಅದನ್ನೊಮ್ಮೆ ಕೇಳಬೇಕೆಂಬ ಆಸೆ ಮಗಳಿಗೆ.

"ರ‍್ಯಾಮ್ ತೊಂದರೆ ಇರಬೇಕು. ಬಿಚ್ಚಿ ನೋಡಿದ್ರೆ ಗೊತ್ತಾಗುತ್ತೆ," ಎಂದ ಎದುರಂಗಡಿಯವನು.

"ಹಾಗಿದ್ರೆ ಬಿಚ್ಚು."

"ನಾನ್ಯಾಕೆ? ನೀನು ತಾನೇ ಹಿರಿಯ ಶಿಷ್ಯ?"

ತನ್ನ ಯಂತ್ರಕ್ಕೆ ಬೇರೆಯವರ ಸ್ಕ್ರೂಡ್ರೈವರ್ ತಾಗಿದರೆ ಕೈ ಮುರಿಯುತ್ತೇನೆಂದು ಅಕ್ಕ ಹೇಳಿದ್ದಳು. ಅವಳು ಸತ್ತು ಮಲಗಿದ್ದರೂ ಆ ಇಬ್ಬರು ತಜ್ಞರು ಬೆಳಗಿನಿಂದ ಚಾರ್ಜರ್ ಬದಲಿಸಿ, ಬ್ಯಾಟರಿ ಬದಲಿಸಿ, ಕಳ್ಳಬೆಕ್ಕಿನ ಹಾಗೆ ಸುತ್ತಲೇ ಸುಳಿದಾಡಿದ್ದರು.

"ಬಿಚ್ಚಿ ಅಣ್ಣಾ," ಎಂದಳು ಮಗಳು. "ಅಮ್ಮ ಬೈಯೋಕೆ ಎದ್ದು ಬಂದ್ರೆ ನನಗೆ ಅದಕ್ಕಿಂತ ಇನ್ನೇನು ಬೇಕು?"

ಬಿಚ್ಚಿದರು. ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಕೂರುವ ಜಾಗ ಖಾಲಿಯಾಗಿತ್ತು.

"ಇಷ್ಟು ಹಳೇದು ಈಗ ಯಾವ ಅಂಗಡೀಲೂ ಸಿಗಲ್ಲ," ಎಂದು ಹಿರಿಯ ಶಿಷ್ಯ ತಲೆ ಮೇಲೆ ಕೈಹೊತ್ತ.

ಬಾಗಿಲ ಬಳಿ ನಿಂತಿದ್ದ ಪಕ್ಕದ ಮನೆಯ ಟೈಲರ್ ಅದನ್ನು ಕೇಳಿ ಬರಿಗಾಲಲ್ಲೇ ಓಟ ಕಿತ್ತ.

* * *

ಹೋದ ತಿಂಗಳು ಆ ಟೈಲರ್ ಕೆಟ್ಟ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಿದ್ದ. ನಾನೂರು ಗಿರಾಕಿಗಳ ಅಳತೆ ಅದರಲ್ಲಿತ್ತು. ಅಕ್ಕ ಬಿಚ್ಚಿ, ಸುಟ್ಟುಹೋದ ರ‍್ಯಾಮ್ ಎತ್ತಿ ತೋರಿಸಿದಳು. ಅವನ ಮುಖ ಬಾಡಿದ್ದು ಕಂಡು ಚೀಟಿಯಲ್ಲಿ ಬರೆದಳು: 'ಟೀ ಕುಡಿದು ಬಾ.'

ಟೀ ಕುಡಿದು ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಓಡುತ್ತಿತ್ತು.

"ಎಲ್ಲಿ ಸಿಕ್ತಕ್ಕಾ ಇದು?"

'ಮನೇಲೇ ಬಿದ್ದಿತ್ತು,' ಎಂದು ಬರೆದು, ದನಿಯಿಲ್ಲದೆ ಭುಜ ಕುಣಿಸಿ ನಕ್ಕಳು. ತನ್ನ ಲ್ಯಾಪ್‌ಟಾಪಿಗೆ ಇನ್ನೊಂದು ಹುಡುಕಿಸೋಣವೆಂದುಕೊಂಡವಳಿಗೆ ಪುರುಸೊತ್ತಾಗಲಿಲ್ಲ.

* * *

ಟೈಲರ್ ಏದುಸಿರು ಬಿಡುತ್ತಾ ತನ್ನ ಲ್ಯಾಪ್‌ಟಾಪ್ ತಂದಿಟ್ಟ. ಹಿರಿಯ ಶಿಷ್ಯ ಅದರ ರ‍್ಯಾಮ್ ತೆಗೆದು, ಒರೆಸಿ, ಅಕ್ಕನದಕ್ಕೆ ಕೂರಿಸಿದ. ಪರದೆ ಬೆಳಗಿತು. ಮಗಳು ಅದನ್ನೆತ್ತಿಕೊಂಡು ಪಕ್ಕದ ಕೋಣೆಗೆ ಹೋದಳು. ಪೆಟ್ಟಿಗೆಯ ಪಕ್ಕ ಸ್ಟೂಲ್ ಹಾಕಿ ಅದರ ಮೇಲಿಟ್ಟು ರೆಕಾರ್ಡಿಂಗ್ ಹಾಕಿದಳು.

"ಎಲ್ಲರಿಗೂ ನಮಸ್ಕಾರ. ಹೋಗೋ ಮುಂಚೆ ನಿಮಗೊಂದು ಮುಖ್ಯವಾದ ಮಾತು ಹೇಳ್ಬೇಕು..." ಬಾಗಿಲು ಕಿರುಗುಟ್ಟಿದ ಸದ್ದು. "ಅಂಗಡಿ ಮುಚ್ಚಿದೆ ಸ್ವಾಮಿ. ಏನು, ಹೊಸ ಮೌಸ್ ಓಡ್ತಿಲ್ವಾ? ಕೊಡಿ ಇಲ್ಲಿ. ರೀ, ಮೌಸಿನ ಹೊಟ್ಟೆಗೆ ಅಂಟಿಸಿರೋ ಸ್ಟಿಕರ್ರೇ ತೆಗೆದಿಲ್ವಲ್ರೀ! ಎಷ್ಟು ದಿನದಿಂದ ಹೀಗೆ ಒದ್ದಾಡ್ತಿದೀರಾ? ಎರಡು ವಾರ? ಅಯ್ಯೋ ನನ್ನಪ್ಪಾ!"

ಆಮೇಲೆ ಬಂದಿದ್ದು ಬರೀ ನಗು. ಬಿಕ್ಕಳಿಸಿ, ಮೇಜು ಬಡಿದು, ನಿಂತಿತು ಅನ್ನುವಾಗ ಮತ್ತೆ ಉಕ್ಕಿದ ನಗು. ಮುಖ್ಯವಾದ ಮಾತು ಬರಲೇ ಇಲ್ಲ, ರೆಕಾರ್ಡಿಂಗ್ ಮುಗಿಯಿತು. ಅಷ್ಟರಲ್ಲಿ ಕೋಣೆಯಲ್ಲಿ ನಗದವರು ಯಾರೂ ಇರಲಿಲ್ಲ. ಮಗಳು ಕಣ್ಣೀರು ಒರೆಸಿಕೊಳ್ಳುತ್ತಲೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಸಿಕ್ಕಿಬಿಟ್ಟಿತ್ತು.

ಹೊರಗೆ ವಾಹನ ಎರಡು ಸಲ ಹಾರ್ನ್ ಮಾಡಿತು. ಯಾರೂ ಕದಲಲಿಲ್ಲ. ಮಗಳು ಮತ್ತೆ ಮೊದಲಿನಿಂದ ಹಾಕಿದಳು. ಮೂರನೆಯ ಹಾರ್ನ್ ಕೇಳಿಸಲಿಲ್ಲ. ಡ್ರೈವರ್ ಎಂಜಿನ್ ಆರಿಸಿ ಇಳಿದು ಬಂದು, ಕಿಟಕಿಯ ಸರಳಿಗೆ ಕಿವಿಯಾನಿಸಿ ನಿಂತಿದ್ದ. ಸತ್ತವಳನ್ನು ಒಮ್ಮೆಯೂ ನೋಡಿರದ ಅವನ ಭುಜಗಳೂ ಕುಲುಕುತ್ತಿದ್ದವು.