ಅದು ಹಂದಿ ಸಾರಲ್ಲ

ತೊಕುಜಿಯ ಭಾಷಣ ಶುರುವಾಯಿತು ಅಂದರೆ ಸಾಕು, ಅವನ ಹೆಂಡತಿ ಕಿಮಿಯೆಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಜಪಾನಿನ ಯಾಮಾಗಾತಾದಲ್ಲಿ ಇಬ್ಬರೂ ಸೇರಿ ನಡೆಸುವ ಸಣ್ಣ ವಸತಿಗೃಹ ಅವರದು. ಎಲೆ ಕೆಂಪಾಗುವ ಕಾಲದಲ್ಲಿ ಪ್ರತಿ ಭಾನುವಾರ ಬಂದ ಪ್ರವಾಸಿಗಳನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಮಾಮಿಗಸಾಕಿ ಹೊಳೆದಂಡೆಗೆ ಬರಬೇಕು, ಕಲ್ಲು ಹೂಡಿ ಒಲೆ ಹಚ್ಚಬೇಕು, ಕೆಸುವಿನ ಗಡ್ಡೆಯ ಸಾರು ಕುದಿಸಿ ಬಡಿಸಬೇಕು. ಗಡ್ಡೆ ಹೆರೆದು ಕೈ ತುರಿಸಿಕೊಳ್ಳುವವಳು ಕಿಮಿಯೆ. ಬಾಯಿ ಮಾತ್ರ ತೊಕುಜಿಯದು.

"ಅನ್ನದಲ್ಲಿ ಊಟದ ಕಡ್ಡಿ ನೆಟ್ಟಗೆ ನಿಲ್ಲಿಸ್ಬೇಡಿ, ಅದು ಸತ್ತೋರಿಗೆ ಇಡೋ ರೀತಿ. ಶಾವಿಗೆ ಸೊರ್ ಅಂತ ಎಳೀರಿ, ನಾಚ್ಕೋಬೇಡಿ."

ಕೇಳುತ್ತಿದ್ದವರು ಓಸಾಕಾದವರು, ನಾಗಾಸಾಕಿಯವರು. ಹಾಲು ಬಿಟ್ಟಾಗಿನಿಂದ ಕಡ್ಡಿ ಹಿಡಿದು ಉಂಡವರು! ಅವರಿಗೂ ಈ ಪಾಠ. ಪಾಪ, ಮರ್ಯಾದಸ್ಥರು, ತಲೆಯಾಡಿಸಿದರು.

"ಸೆಂದಾಯ್‌ಗೆ ಹೋದ್ರೆ ದನದ ನಾಲಿಗೆ ಸುಟ್ಟಿದ್ದು ತಿನ್ನಿ. ಮೊರಿಯೊಕಾಗೆ ಹೋದ್ರೆ ತಣ್ಣನೆ ಶಾವಿಗೆ. ಆದ್ರೆ ಕೆಸುವಿನ ಸಾರು ಮಾತ್ರ ಇಲ್ಲೇ ತಿನ್ಬೇಕು. ದನದ ಮಾಂಸ, ಸೋಯಾ ಸಾಸ್, ಮುಗೀತು. ಸಮುದ್ರದ ಕಡೆಯೋರು ಹಂದಿ ಹಾಕಿ, ಮಿಸೊ ಕಲಸಿ ಇಡ್ತಾರೆ. ಅದು ಕೆಸುವಿನ ಸಾರಲ್ಲ ಸ್ವಾಮಿ, ಹಂದಿ ಸಾರು!"

ಎಲ್ಲರೂ ನಕ್ಕರು. ಕಿಮಿಯೆ ಸಮುದ್ರದ ಕಡೆಯವಳು, ತ್ಸುರುಓಕಾದ ಮಗಳು. ಮದುವೆಯಾಗಿ ಬಂದಾಗಿನಿಂದ ಈ ಚೇಷ್ಟೆ ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ಈ ದಂಡೆಯಲ್ಲಿ ತವರಿನ ಸಾರನ್ನು ಅವಳು ಒಂದು ದಿನವೂ ಮಾಡಿರಲಿಲ್ಲ. ಯಾಕೆ ಸುಮ್ಮನೆ ರಗಳೆ ಅಂತ.

ಇವತ್ತು ಮಾತ್ರ ದೊಡ್ಡ ಒಲೆಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಒಲೆ ಹೂಡಿದ್ದಳು. ವಸಂತದಲ್ಲಿ ಅವಳ ಅಮ್ಮ ತೀರಿಕೊಂಡಿದ್ದಳು. ಮನೆ ಖಾಲಿ ಮಾಡುವಾಗ ಅಣ್ಣ, ಅಮ್ಮ ಸೋಯಾ ಕಾಳು ಬೇಯಿಸಿ, ಅರೆದು, ಉಪ್ಪು ಬೆರೆಸಿ ತನ್ನ ಕೈಯಾರೆ ಹುದುಗಲು ಹಾಕಿಟ್ಟ ಮಿಸೊ ಪೀಪಾಯಿಯ ತಳ ಕೆರೆದು ಒಂದು ಡಬ್ಬಿ ಕಳಿಸಿದ್ದ. "ಇಷ್ಟೇ ಕಣೇ ಉಳಿದಿರೋದು" ಅಂದಿದ್ದ. ಆ ಡಬ್ಬಿಯನ್ನು ಕಿಮಿಯೆ ಇವತ್ತಿನವರೆಗೆ ಮುಟ್ಟಿರಲಿಲ್ಲ. ಹೊಸ ಗಡ್ಡೆ ಬರಲಿ, ಹೊಳೆದಂಡೆಯಲ್ಲಿ ಕೂತು ಒಂದು ಬಟ್ಟಲು ಉಣ್ಣಬೇಕು ಅಂತ ಕಾದಿದ್ದಳು. ಹಂದಿ ಮಾಂಸ, ಗಡ್ಡೆ ಬೇಯುತ್ತಿದ್ದ ಪಾತ್ರೆಗೆ ಆ ಮಿಸೊ ಹಾಕಿ, ಡಬ್ಬಿ ತೊಳೆದ ನೀರನ್ನೂ ಬಿಡದೆ ಸುರಿದಳು.

"ರೀ, ಇದು ಅಮ್ಮನ ಮಿಸೊ. ಇದನ್ನ ಮುಟ್ಬೇಡಿ" ಅಂತ ಬೆಳಿಗ್ಗೆ ಮನೆಯಲ್ಲೇ ಹೇಳಿದ್ದಳು. ವ್ಯಾನಿನಲ್ಲಿ ಮತ್ತೆ ಹೇಳಿದ್ದಳು.

"ಹೂಂ ಹೂಂ" ಅಂದಿದ್ದ ತೊಕುಜಿ. ಗೋಡೆಯಾದರೂ ಇನ್ನಷ್ಟು ಕಿವಿಗೊಟ್ಟೀತು.

ಮಿಸೊ ಕರಗಿ ವಾಸನೆ ಎದ್ದಾಗ ಕಿಮಿಯೆ ಪಾತ್ರೆಯ ಮೇಲೆ ಬಗ್ಗಿದಳು. ಸೌಟಿನಿಂದ ರುಚಿ ನೋಡಲಿಲ್ಲ. ಬಡಿಸುವ ಮೊದಲು ಸೌಟು ಬಾಯಿಗಿಟ್ಟರೆ ಅಮ್ಮ ಕೈಮೇಲೆ ಒಂದು ಬಿಡುತ್ತಿದ್ದಳು. ಒಂದು ಬಟ್ಟಲು ತೆಗೆದುಕೊಂಡು ಕೂತಳೋ ಇಲ್ಲವೋ, ನಾಗಾಸಾಕಿಯಿಂದ ಒಬ್ಬಳೇ ಬಂದಿದ್ದ ಮಿಹೊ ಅನ್ನುವ ಹೆಂಗಸು ಹತ್ತಿರ ಬಂದಳು.

"ಅಕ್ಕಾ, ಎಷ್ಟು ಚೆನ್ನಾಗಿ ಘಮ್ ಅಂತಿದೆ! ಏನದು?"

ಅತಿಥಿ ಬಾಯಿಬಿಟ್ಟು ಕೇಳಿದ ಮೇಲೆ ಮನೆಯೊಡತಿ ಮೊದಲು ಉಣ್ಣುವುದುಂಟೇ? ಕಿಮಿಯೆ ಆ ಬಟ್ಟಲನ್ನು ಅವಳಿಗೇ ಕೊಟ್ಟಳು. ಅದನ್ನು ನೋಡಿ ಓಸಾಕಾದ ಗಂಡ ಹೆಂಡತಿ ಬಂದರು. ಅವರ ಹಿಂದೆ ಗಂಡನ ಅಪ್ಪ. ಮಿಹೊ ಇನ್ನೊಂದು ಸಲ ಹಾಕಿಸಿಕೊಂಡಳು. ಒಬ್ಬೊಬ್ಬರಿಗೆ ಬಡಿಸುವಾಗಲೂ ಕಿಮಿಯೆ ಪಾತ್ರೆಯ ತಳ ನೋಡಿಕೊಳ್ಳುತ್ತಿದ್ದಳು. ಕೊನೆಗೆ ಒಂದು ಬಟ್ಟಲಿನಷ್ಟು ಉಳಿಯಿತು. ಸದ್ಯ, ಅಷ್ಟು ಸಾಕು.

"ಏ, ಇವಳೇ! ಶಾವಿಗೆ ವ್ಯಾನಲ್ಲೇ ಬಿಟ್ಟು ಬಂದಿದ್ದೀಯಲ್ಲೇ!" ತೊಕುಜಿ ಕೂಗಿದ. "ಕೊನೇಲಿ ಉಳಿದ ಸಾರಿಗೆ ಕರ್ರಿ ಮಸಾಲೆ, ಶಾವಿಗೆ ಹಾಕಿ ಕರ್ರಿ ಉಡೋನ್ ಮಾಡ್ದಿದ್ರೆ ಊಟ ಮುಗಿಯುತ್ತಾ? ಓಡು!"

ಬಿಟ್ಟು ಬಂದವನು ಅವನೇ. ಕಿಮಿಯೆ ಪಾತ್ರೆಗೆ ಮುಚ್ಚಳ ಹಾಕಿ, ಮುಚ್ಚಳದ ಮೇಲೊಂದು ಕಲ್ಲಿಟ್ಟು, "ಇದು ನನ್ನದು, ಮುಟ್ಬೇಡಿ" ಅಂತ ಮತ್ತೊಮ್ಮೆ ಹೇಳಿ ದಿಣ್ಣೆ ಹತ್ತಿದಳು. ಶಾವಿಗೆಯ ಚೀಲ ಹೊತ್ತುಕೊಂಡು ಏದುಸಿರು ಬಿಡುತ್ತ ವಾಪಸು ಬಂದರೆ, ಪುಟ್ಟ ಒಲೆಯ ಮೇಲೆ ಏನೂ ಇರಲಿಲ್ಲ. ಖಾಲಿ ಪಾತ್ರೆ ಮರಳ ಮೇಲೆ ಬೋರಲು ಬಿದ್ದಿತ್ತು. ದೊಡ್ಡ ಪಾತ್ರೆಯಲ್ಲಿ ಕರ್ರಿ ಮಸಾಲೆ ಬಿಲ್ಲೆಗಳು ಕರಗಿ, ಸಾರು ಹಳದಿಗೆ ತಿರುಗಿ ಕೊತಕೊತ ಕುದಿಯುತ್ತಿತ್ತು.

"ಸಾರು ಸಾಲಲಿಲ್ಲ, ನಿಂದೂ ಸೇರಿಸ್ದೆ" ಅಂದ ತೊಕುಜಿ ಸೌಟು ತಿರುಗಿಸುತ್ತ. "ಯಾಕೆ ದಂಡ ಮಾಡೋದು? ಶಾವಿಗೆ ಹಾಕು, ಹಾಕು."

ಕಿಮಿಯೆ ಚೀಲವನ್ನು ಅವನ ಕಾಲಬುಡಕ್ಕೆ ಎಸೆದಳು.

"ನಿಮಗೆ ಎಷ್ಟು ಸಲ ಹೇಳ್ಬೇಕ್ರೀ? ಎಷ್ಟು ಸಲ! ನಾಗಾಸಾಕಿಯೋರಿಗೆ ಕಡ್ಡಿ ಹಿಡಿಯೋದು ಹೇಳ್ಕೊಡ್ತೀರಿ, ಹೆಂಡ್ತಿ ಹೇಳಿದ ಒಂದು ಮಾತು ಕಿವಿಗೆ ಹಾಕ್ಕೊಳ್ಳೋಕಾಗಲ್ವಾ?"

ದಂಡೆಯಲ್ಲಿ ಅಕ್ಕಪಕ್ಕದ ಒಲೆಗಳವರೂ ತಿರುಗಿ ನೋಡಿದರು. ತೊಕುಜಿಯ ಮುಖ ಕೆಂಪಾಯಿತು.

"ಅತಿಥಿಗಳ ಮುಂದೆ ಏನೇ ಇದು? ಒಂದು ಬಟ್ಟಲು ಸಾರು ತಾನೆ? ನಾಳೆ ಹಂದಿ ಮಾಂಸ ತಂದುಕೊಡ್ತೀನಿ, ಬೇಕಾದಷ್ಟು ಮಾಡ್ಕೋ."

"ನಾಳೆ ಅಮ್ಮನ್ನ ಎಲ್ಲಿಂದ ತರ್ತೀರಿ?"

ತೊಕುಜಿಯ ಕೈಯಲ್ಲಿ ಸೌಟು ನಿಂತಿತು. ಖಾಲಿ ಡಬ್ಬಿಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಆಗ ಹೊಳೆಯಿತು ಮಹಾರಾಯನಿಗೆ. ಒಂದು ಬಟ್ಟಲಿಗೆ ಆ ಹಳದಿ ಸಾರು ಬಗ್ಗಿಸಿ ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ತಂದ. ಕಿಮಿಯೆ ಒಂದು ಗುಟುಕು ಕುಡಿದಳು. ಬರೀ ಕರ್ರಿ. ಇನ್ನೊಂದು ಗುಟುಕು ಕುಡಿದಳು. ಕರ್ರಿಯೇ. ಬಟ್ಟಲು ಕೆಳಗಿಟ್ಟಳು.

ಮಿಹೊ ತಲೆ ತಗ್ಗಿಸಿ ನಿಂತಿದ್ದಳು. "ಅಕ್ಕಾ, ನಂಗೆ ಗೊತ್ತಿರ್ಲಿಲ್ಲ. ನಾನು ಎರಡನೇ ಸಲ ಹಾಕಿಸ್ಕೊಳ್ಳಬಾರದಿತ್ತು."

ಕಿಮಿಯೆ ಅವಳ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ನೀವು ತಿಂದ್ರಲ್ಲ. ಹೇಗಿತ್ತು, ಹೇಳಿ."

"ತುಂಬಾ ಚೆನ್ನಾಗಿತ್ತು."

"ಅದಲ್ಲ. ಉಪಚಾರದ ಮಾತು ಬೇಡ. ಬಾಯಿಗೆ ಹೇಗಿತ್ತು ಅಂತ ಹೇಳಿ."

ಮಿಹೊ ಕಣ್ಣು ಮುಚ್ಚಿ ಯೋಚಿಸಿದಳು. "ಬೇಜಾರು ಮಾಡ್ಕೋಬೇಡಿ. ಉಪ್ಪು ಒಂಚೂರು ಮುಂದಿತ್ತು."

"ಹೌದಾ!" ಕಿಮಿಯೆ ಅವಳ ತೋಳು ಬಿಡಲೇ ಇಲ್ಲ. "ಅಮ್ಮನ ಕೈ ಅದು! ಎಷ್ಟು ಬೈದ್ರೂ ಬಿಡ್ತಿರ್ಲಿಲ್ಲ. ಆಮೇಲೆ?"

ತೊಕುಜಿ ಏನೋ ಹೇಳಲು ಬಾಯಿ ತೆರೆದ.

"ನೀವು ಸುಮ್ನಿರಿ" ಅಂದಳು ಕಿಮಿಯೆ, ಅವನತ್ತ ತಿರುಗದೆ. "ಆಮೇಲೆ ಹೇಳಿ ತಾಯಿ, ನುಂಗಿದ ಮೇಲೆ ಹೇಗಿತ್ತು?"